ಹೌಜಿನ ಪಾಚಿ, ಪಾಲಾರಿನ ವಿಷ

ರಮಜಾನಿಗೆ ಮೊದಲು ಮಸೀದಿಯ ಹೌಜನ್ನು ಬರಿದು ಮಾಡಿ, ಒಳಗೆ ಇಳಿದು, ಗೋಡೆಗೆ ಅಂಟಿದ ಹಸಿರನ್ನು ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ತೆಗೆಯುವುದು ನಮ್ಮ ಮೊಹಲ್ಲಾದ ಹುಡುಗರಿಗೆ ಬಂದ ಕೆಲಸವಾಗಿತ್ತು. ಮನೆಯಲ್ಲಿ ಅದಕ್ಕೆ 'ಕಾಯೀ' ಎನ್ನುತ್ತಿದ್ದೆವು. ಶಾಲೆಯಲ್ಲಿ ಕನ್ನಡ ಮೇಷ್ಟ್ರು 'ಪಾಚಿ' ಎಂದು ಹೇಳಿಕೊಟ್ಟರು. ನಮ್ಮ ಹೌಜಿನಲ್ಲಿ ಕಾಯೀ ಬೆಳೆಯುತ್ತದೆ ಎಂದು ನಾವು ಹೇಳಿದ್ದನ್ನು ಕೇಳಿ, ಮಸೀದಿಯ ನೀರಿನಲ್ಲಿ ತೆಂಗಿನಕಾಯಿ ಬಿಡುತ್ತದೆಂದು ಬಹಳ ದಿನ ನಂಬಿದ್ದ ಗೆಳೆಯನೊಬ್ಬನಿದ್ದ. ಎರಡು ಭಾಷೆಯಲ್ಲಿ ಬೆಳೆದವರಿಗೆ ಇಂಥ ಸಣ್ಣಪುಟ್ಟ ಲಾಭಗಳಿರುತ್ತವೆ. ಏನೇ ಆಗಲಿ, ಪಾಚಿ ಎಂದರೆ ನಮಗೆ ಕೊಳೆ. ಉಜ್ಜಿ ಹೊರಗೆ ಎಸೆಯಬೇಕಾದದ್ದು.

ಈಗ ಕಾಲ ತಿರುಗಿದೆ. ಪಾಚಿಯೇ ಕೊಳೆ ತೊಳೆಯುತ್ತದೆ ಎನ್ನುವ ಮಾತು ಎಲ್ಲೆಡೆ ಕೇಳುತ್ತಿದೆ. ಪತ್ರಿಕೆಗಳ ವಿಜ್ಞಾನದ ಪುಟದಲ್ಲಿ, ಕಾಲೇಜುಗಳ ವಸ್ತುಪ್ರದರ್ಶನದಲ್ಲಿ, ಉದ್ಯಮಿಗಳ ವಿಚಾರ ಸಂಕಿರಣದಲ್ಲಿ, ಗಾಜಿನ ಜಾಡಿಯೊಳಗಿನ ಹಸಿರು ನೀರನ್ನು ಮುಂದಿಟ್ಟುಕೊಂಡು, ಕಾರ್ಖಾನೆಯ ನೀರಿನ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕ್ಕಲ್‌ಗಳನ್ನು ಇದು ನುಂಗಿಬಿಡುತ್ತದೆ ಎನ್ನುತ್ತಾರೆ. ಖರ್ಚು ಕಡಿಮೆ, ಸೂರ್ಯನ ಬೆಳಕು ಬಿಟ್ಟಿ, ಪ್ರಕೃತಿಯದೇ ಪರಿಹಾರ. ಇಷ್ಟನ್ನು ಕೇಳಿದಾಗ ಬೇಡ ಎನ್ನುವವರು ಯಾರು? ನಾವೂ ಅನ್ನುವುದಿಲ್ಲ. ಆದರೆ ಕಳೆದ ವರ್ಷ ವಾಣಿಯಂಬಾಡಿಯಲ್ಲಿ ಬಂಧುಗಳ ಮನೆಯ ನಿಕಾಹ್‌ಗೆ ಹೋದಾಗ ಕೇಳಿದ ಒಂದು ಮಾತು ಈ ಲೇಖನ ಬರೆಸುತ್ತಿದೆ.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ನಮ್ಮ ಖಾಲಾನ ಮಗ. ಒಂದು ಟ್ಯಾನರಿಯಲ್ಲಿ ಮೇಲ್ವಿಚಾರಕ. ಬಿರಿಯಾನಿಯ ಜೊತೆಗೆ ಎಲ್ಲರ ಮುಂದೆಯೂ ಒಂದೊಂದು ಪ್ಲಾಸ್ಟಿಕ್ ನೀರಿನ ಬಾಟಲಿ ಇತ್ತು. ಖಾಲಾನ ಮನೆಯ ಬಾವಿಗೆ ಮುಚ್ಚಳ ಬಿದ್ದು ಎಷ್ಟೋ ವರ್ಷಗಳಾಗಿವೆ. ಅಡುಗೆಗೂ ಕುಡಿಯಲಿಕ್ಕೂ ಕ್ಯಾನಿನ ನೀರು. ಈ ಸ್ಥಿತಿ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ಅವನು ನಕ್ಕು, "ಇನ್ನೇನು ಭಾಯ್ಜಾನ್, ಪಾಚಿ ಬಂದಿದೆಯಲ್ಲ, ಎಲ್ಲ ತಿಂದುಹಾಕುತ್ತದೆ. ನಮ್ಮ ಸೇಠ್ ಹೇಳುತ್ತಿದ್ದರು. ಇನ್ನು ಕೋರ್ಟಿಗೂ ಬೋರ್ಡಿಗೂ ಹೆದರಬೇಕಾಗಿಲ್ಲ" ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅವನಿಗೂ ಮೂವರು ಮಕ್ಕಳಿದ್ದಾರೆ, ಅವರೂ ಅದೇ ಊರಿನ ನೀರು ಕುಡಿಯಬೇಕು. ಆದರೆ ಆ ಸೇಠ್ ಹೇಳಿದ ಮಾತಿನಲ್ಲಿ ನಮಗೆ ಒಂದು ಹಳೆಯ ಜಾಣತನ ಕಾಣಿಸಿತು. ನಮ್ಮ ತಕರಾರು ಪಾಚಿಯ ಮೇಲಲ್ಲ, ಈ ಜಾಣತನದ ಮೇಲೆ.

ಪಾಲಾರ್ ತಮಿಳರ ನದಿ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಹುಟ್ಟುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯನ್ನು ಹಾದು, ಬೇತಮಂಗಲದ ಕೆರೆ ತುಂಬಿ, ಆಂಧ್ರದ ಕುಪ್ಪಂ ಸೀಮೆಯನ್ನು ದಾಟಿ ವಾಣಿಯಂಬಾಡಿಯ ಹತ್ತಿರ ತಮಿಳುನಾಡಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಆಂಬೂರು, ವೇಲೂರು, ರಾಣಿಪೇಟೆ. ಹೆಸರಿನಲ್ಲಿ ಹಾಲಿದೆ. ಹೊಳೆಯಲ್ಲಿ ಮಾತ್ರ ವರ್ಷದ ಹೆಚ್ಚು ಕಾಲ ಮರಳೇ ಇರುವುದು. ಮೇಲೆ ನೀರು ಕಾಣದಿದ್ದರೂ ಮರಳಿನ ಕೆಳಗೆ ನೀರು ಹರಿಯುತ್ತದೆ, ಊರುಗಳ ಬಾವಿಗಳು ಬದುಕಿದ್ದದ್ದು ಅದರಿಂದಲೇ. ಟ್ಯಾನರಿಗಳ ಕೊಳೆನೀರು ಸೇರಿದ್ದೂ ಅದೇ ಮರಳಿಗೆ.

ಈ ಊರುಗಳ ಚರ್ಮೋದ್ಯಮ ಬಹುಮಟ್ಟಿಗೆ ಮುಸ್ಲಿಮರ ಕಸುಬು. ಅದು ನಮಗೆ ಹೆಮ್ಮೆಯ ವಿಷಯವೂ ಹೌದು. ಅಲ್ಲಿನ ಶಾಲೆ, ಕಾಲೇಜು, ಮದರಸಾ, ಆಸ್ಪತ್ರೆಗಳನ್ನು ಕಟ್ಟಿದ್ದರಲ್ಲಿ ಚರ್ಮದ ದುಡ್ಡಿನ ಪಾಲು ದೊಡ್ಡದು. ಬಡ ಹುಡುಗಿಯರ ಮದುವೆಗೆ, ಅನಾಥ ಹುಡುಗರ ಓದಿಗೆ ಅಲ್ಲಿಂದ ಬಂದ ಜಕಾತ್ ನಮ್ಮ ಕಡೆಯ ಮನೆಗಳಿಗೂ ಮುಟ್ಟಿದೆ. ಆ ಋಣ ಮರೆತು ನಾವು ಬರೆಯುತ್ತಿಲ್ಲ.

ನಮ್ಮ ನಾನಾ ಕೆಲಸ ಮಾಡುತ್ತಿದ್ದ ಕಾಲದ ಟ್ಯಾನರಿ ಬೇರೆ. ತಂಗಡಿ ಗಿಡದ ತೊಗಟೆ, ಅಳಲೆಕಾಯಿ, ಸುಣ್ಣದ ಗುಂಡಿ. ತೊಗಲು ಹದವಾಗಲು ವಾರಗಟ್ಟಲೆ ಹಿಡಿಯುತ್ತಿತ್ತು. ವಾಸನೆ ಆಗಲೂ ಇತ್ತು, ಕೊಳೆಯೂ ಇತ್ತು. ಆದರೆ ಕೊಳೆತು ಮಣ್ಣಾಗುವ ಕೊಳೆ ಅದು. 1970ರ ದಶಕದ ಆರಂಭದಲ್ಲಿ ಸರ್ಕಾರ ಅರೆಹದದ ಚರ್ಮ ಸಾಗಿಸುವುದನ್ನು ಬಿಗಿ ಮಾಡಿ, ಪೂರ್ತಿ ಸಿದ್ಧವಾದ ಚರ್ಮವನ್ನೂ ಚಪ್ಪಲಿ ಬೂಟುಗಳನ್ನೂ ರಫ್ತು ಮಾಡಿ ಎಂದು ಒತ್ತಾಯಿಸಿತು. ಡಾಲರು ಬೇಕಿತ್ತು. ತಮ್ಮ ನದಿಗಳನ್ನು ಕೆಡಿಸಿಕೊಳ್ಳಲು ಇಷ್ಟವಿಲ್ಲದ ಯುರೋಪಿನ ದೇಶಗಳಿಗೂ ಹದ ಮಾಡುವ ಕೆಲಸ ಬೇರೆಲ್ಲಾದರೂ ಆಗಬೇಕಿತ್ತು. ಕ್ರೋಮ್ ಹದ ಬೇರುಬಿಟ್ಟಿತು. ವಾರಗಳ ಕೆಲಸ ದಿನದಲ್ಲಿ ಮುಗಿಯತೊಡಗಿತು. ಪಾಲಾರಿನ ದುರಂತಕ್ಕೆ ಸೇಠ್‌ಗಳನ್ನು ಮಾತ್ರ ಬಯ್ಯುವವರು ಇದನ್ನು ನೆನಪಿಡಬೇಕು. ದಿಲ್ಲಿಯ ಆಜ್ಞೆ, ಯುರೋಪಿನ ಗಿರಾಕಿ, ಇವರಿಬ್ಬರೂ ಕೈಜೋಡಿಸಿದ ಮೇಲೆಯೇ ಊರಿನ ಮಾಲೀಕನ ಲಾಭ ಬೆಳೆದದ್ದು.

ಕ್ರೋಮ್ ಹದದಲ್ಲಿ ಬೇಸಿಕ್ ಕ್ರೋಮಿಯಂ ಸಲ್ಫೇಟ್ ಎಂಬ ಲವಣ ಬಳಸುತ್ತಾರೆ. ಹಳೆಯ ವಿಧಾನದಲ್ಲಿ ತೊಗಲು ಹೀರಿಕೊಳ್ಳುವುದು ಅದರ ನೂರಕ್ಕೆ ಅರವತ್ತು ಎಪ್ಪತ್ತು ಭಾಗ ಮಾತ್ರ. ಉಳಿದದ್ದು ನೀರಿಗೆ. 1996ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವೇಲೂರು ನಾಗರಿಕ ಕಲ್ಯಾಣ ವೇದಿಕೆಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಈಗ ಕಾನೂನು ಓದುವ ಮಕ್ಕಳ ಪಠ್ಯ. ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕು ಎಂಬ ತತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿದ್ದು ಅಲ್ಲಿ. ಟ್ಯಾನರಿ ಪಟ್ಟಿಯಲ್ಲಿ ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಸಮೀಕ್ಷೆಯ ಮಾತು ಆ ತೀರ್ಪಿನಲ್ಲೇ ದಾಖಲಾಗಿದೆ. ನ್ಯಾಯಾಲಯ ಪ್ರತಿ ಟ್ಯಾನರಿಗೆ ಹಾಕಿದ ದಂಡ 10,000 ರೂಪಾಯಿ. ಆಮೇಲೆ ರಚನೆಯಾದ ಪ್ರಾಧಿಕಾರ 2001ರ ಮಾರ್ಚಿನಲ್ಲಿ 29,193 ಸಂತ್ರಸ್ತರಿಗೆ 26.82 ಕೋಟಿ ರೂಪಾಯಿ ಪರಿಹಾರ ಗೊತ್ತು ಮಾಡಿತು. ಭಾಗಿಸಿ ನೋಡಿ. ತಲೆಗೆ ಒಂಬತ್ತು ಸಾವಿರ ಚಿಲ್ಲರೆ. ಒಂದು ಬಾವಿ, ಒಂದು ತೋಟ, ಎರಡು ತಲೆಮಾರಿನ ಹೊಟ್ಟೆಪಾಡಿಗೆ ಒಂಬತ್ತು ಸಾವಿರ. ಅದೂ ಎಲ್ಲರಿಗೂ ಸಿಗಲಿಲ್ಲ. 2025ರ ಜನವರಿ 30ರಂದು ಅದೇ ಸುಪ್ರೀಂ ಕೋರ್ಟು, ಇನ್ನೂ ಪರಿಹಾರ ಸಿಗದವರಿಗೆ ಆರು ವಾರದೊಳಗೆ ಕೊಡಿ, ಆಮೇಲೆ ಮಾಲಿನ್ಯ ಮಾಡಿದವರಿಂದ ವಸೂಲಿ ಮಾಡಿಕೊಳ್ಳಿ ಎಂದು ತಮಿಳುನಾಡು ಸರ್ಕಾರಕ್ಕೆ ಮತ್ತೆ ಹೇಳಬೇಕಾಯಿತು. ಮೊದಲ ತೀರ್ಪಿನ ವರ್ಷ ಹುಟ್ಟಿದ ಮಗು ಮದುವೆಯಾಗಿ ಮಗು ಎತ್ತಿಕೊಂಡಿರುವ ಹೊತ್ತಿಗೆ.

ಇಷ್ಟು ಹಳೆಯ ಗಾಯಕ್ಕೆ ಈಗ ಹಸಿರು ಮುಲಾಮು ತಂದಿದ್ದಾರೆ. ಮುಲಾಮಿನ ಗುಣವೇನು ಎಂದು ನೋಡೋಣ.

ಪಾಚಿಯ ಜೀವಕೋಶದ ಗೋಡೆಯಲ್ಲಿ ಆಮ್ಲ ಗುಣದ ಕೊಂಡಿಗಳಿರುತ್ತವೆ. ಸಮುದ್ರದ ಕಂದು ಪಾಚಿಯಲ್ಲಿ, ಉದಾಹರಣೆಗೆ ಸರ್ಗಾಸಮ್‌ನಲ್ಲಿ, ಆಲ್ಜಿನೇಟ್ ಎಂಬ ಅಂಟು ಪದಾರ್ಥ ಹೇರಳ. ಈ ಕೊಂಡಿಗಳು ಮಾಮೂಲಿಯಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡಿರುತ್ತವೆ. ನೀರಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ತಾಮ್ರವೋ ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಇವನ್ನು ಹಿಡಿಯುತ್ತವೆ. ಸಂತೆಯ ವಿನಿಮಯದ ಹಾಗೆ. ವಿಶೇಷವೆಂದರೆ ಇದಕ್ಕೆ ಪಾಚಿ ಜೀವಂತ ಇರಬೇಕೆಂದಿಲ್ಲ. ಒಣಗಿಸಿ ಪುಡಿ ಮಾಡಿದ ಸತ್ತ ಪಾಚಿಯೂ ಹಿಡಿಯುತ್ತದೆ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೊಹುಮಿಲ್ ವೊಲೆಸ್ಕಿ ದಶಕಗಳ ಕಾಲ ಇದೇ ವಿಷಯದ ಮೇಲೆ ದುಡಿದರು. ಅಮೆರಿಕದಲ್ಲಿ ಕ್ಲೊರೆಲ್ಲಾ ಪಾಚಿಯನ್ನು ಸಿಲಿಕಾದಲ್ಲಿ ಕಟ್ಟಿ, ಕೊಳವೆಗೆ ತುಂಬಿ ಮಾರುವ ಪ್ರಯತ್ನವೂ ಹಿಂದೆಯೇ ನಡೆದಿತ್ತು. ಅದು ಹೊಸ ಪವಾಡವೇನಲ್ಲ. ಮಾರುಕಟ್ಟೆಯಲ್ಲಿ ಕೃತಕ ರಾಳಗಳ ಎದುರು ಅದು ಗಟ್ಟಿಯಾಗಿ ನಿಲ್ಲಲಿಲ್ಲ, ಅಷ್ಟೆ. ನೀರು ತೆಳುವಾಗಿದ್ದು, ಲೋಹ ಬಹಳ ಕಡಿಮೆ ಪ್ರಮಾಣದಲ್ಲಿದ್ದಾಗ, ಸುಣ್ಣ ಹಾಕಿ ತಳಕ್ಕಿಳಿಸುವ ಹಳೆಯ ವಿಧಾನ ಸೋಲುವಲ್ಲಿ, ಪಾಚಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಇದನ್ನು ಪ್ರಯೋಗಶಾಲೆಯ ಆಟಿಕೆ ಎಂದು ಗೇಲಿ ಮಾಡುವವರೊಂದಿಗೆ ನಾವಿಲ್ಲ.

ಆದರೆ ಟ್ಯಾನರಿಯ ಕ್ರೋಮ್ ನೀರು ತೆಳುವಲ್ಲ. ನಾವೇ ಲೆಕ್ಕ ಹಾಕೋಣ, ಕಥೆ ಬರೆಯುವವರಿಗೂ ಗುಣಾಕಾರ ಬರುತ್ತದೆ. ಒಂದು ಟನ್ ತೊಗಲನ್ನು ಹಳೆಯ ವಿಧಾನದಲ್ಲಿ ಹದ ಮಾಡಿದರೆ ಸುಮಾರು ನಾಲ್ಕು ಕಿಲೋ ಕ್ರೋಮಿಯಂ ನೀರಿನಲ್ಲಿ ಉಳಿಯುತ್ತದೆ. ಒಂದು ಗ್ರಾಂ ಒಣ ಪಾಚಿ ಒಳ್ಳೆಯ ಸ್ಥಿತಿಯಲ್ಲಿ ನಲವತ್ತು ಮಿಲಿಗ್ರಾಂ ಹಿಡಿಯಿತು ಎಂದುಕೊಳ್ಳಿ. ಉದಾರವಾಗಿಯೇ ಹಿಡಿದಿದ್ದೇವೆ. ಹಾಗಾದರೆ ಒಂದು ಟನ್ ತೊಗಲಿಗೆ ಒಂದು ಕ್ವಿಂಟಾಲ್ ಒಣ ಪಾಚಿ ಬೇಕು. ತೆರೆದ ಕೊಳದಲ್ಲಿ ಚೆನ್ನಾಗಿ ಬೆಳೆದರೆ ದಿನಕ್ಕೆ ಒಂದು ಚದರ ಮೀಟರಿಗೆ ಇಪ್ಪತ್ತು ಗ್ರಾಂ ಒಣ ಪಾಚಿ ಸಿಗುತ್ತದೆ. ಅಂದರೆ ಒಂದೇ ಟನ್ ತೊಗಲಿಗೆ ಒಂದೂಕಾಲು ಎಕರೆ ಕೊಳದ ಒಂದು ದಿನದ ಬೆಳೆ. ದಿನಕ್ಕೆ ಹತ್ತು ಟನ್ ತೊಗಲು ಹದ ಮಾಡುವವನಿಗೆ ಹನ್ನೆರಡೂವರೆ ಎಕರೆ. ಆಂಬೂರಿನ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿ ನಿಂತ ಟ್ಯಾನರಿಗಳಿಗೆ ಈ ಭೂಮಿ ಎಲ್ಲಿಂದ ಬರುತ್ತದೆ? ಸಮುದ್ರದಿಂದ ಪಾಚಿ ತಂದರೆ ಸಾಗಣೆಗೆ ಯಾರು ಕೊಡುತ್ತಾರೆ?

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಪಾಚಿ ಲೋಹವನ್ನು 'ತಿನ್ನುತ್ತದೆ' ಎನ್ನುವುದೇ ಸುಳ್ಳು. ಲೋಹ ಅನ್ನವಲ್ಲ, ಅರಗುವುದಿಲ್ಲ. ಸುಟ್ಟರೂ ಹೂತರೂ ಅದು ಲೋಹವೇ. ಪಾಚಿ ಮಾಡುವುದು ಹಮಾಲಿಯ ಕೆಲಸ, ನೀರಿನಲ್ಲಿದ್ದ ಮೂಟೆಯನ್ನು ತನ್ನ ಬೆನ್ನಿಗೆ ಹಾಕಿಕೊಳ್ಳುತ್ತದೆ. ಮೂಟೆಯನ್ನು ಎಲ್ಲಿ ಇಳಿಸಬೇಕು ಎಂದು ಹಮಾಲಿಗೆ ಗೊತ್ತಿಲ್ಲ. ಆಮ್ಲದಲ್ಲಿ ತೊಳೆದು ಲೋಹ ಬಿಡಿಸಿಕೊಂಡು ಮತ್ತೆ ಬಳಸಬಹುದು, ವಿಜ್ಞಾನಿಗಳು ಹೇಳುವುದು ಅದನ್ನೇ. ಆದರೆ ಅದಕ್ಕೆ ಖರ್ಚಿದೆ, ಶಿಸ್ತು ಬೇಕು. ಶಿಸ್ತು ಇದ್ದಿದ್ದರೆ ಪಾಚಿಯ ತನಕ ಬರುವ ಅಗತ್ಯವೇ ಇರಲಿಲ್ಲ. ಈ ನಡುವೆ ಕೊಳದಿಂದ ತೆಗೆದ ಪಾಚಿಯನ್ನು ಗೊಬ್ಬರ ಮಾಡಿ ಮಾರಬಹುದು, ಎಣ್ಣೆ ತೆಗೆಯಬಹುದು, ಕೋಳಿಗೆ ಮೀನಿಗೆ ಹಾಕಬಹುದು, ಒಂದೇ ಕಲ್ಲಿಗೆ ಎರಡು ಹಣ್ಣು ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಊರಿನ ಚರಂಡಿ ನೀರಿನಲ್ಲಿ ಬೆಳೆದ ಪಾಚಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಒಪ್ಪಬಹುದೇನೋ. ಕ್ರೋಮಿಯಂ ಹೊತ್ತ ಪಾಚಿಯನ್ನು ಹೊಲಕ್ಕೆ ಹಾಕುವುದೆಂದರೆ ಟ್ಯಾನರಿಯ ಕೊಳೆಯನ್ನು ಚೀಲಕ್ಕೆ ತುಂಬಿ, ಲೇಬಲ್ ಅಂಟಿಸಿ, ರೈತನಿಗೇ ಮಾರುವುದು. ಮೊದಲು ಬಿಟ್ಟಿಯಾಗಿ ಕೊಡುತ್ತಿದ್ದ ವಿಷಕ್ಕೆ ಈಗ ಬೆಲೆ ಕಟ್ಟಿದಂತೆ.

ರಾಣಿಪೇಟೆಯಲ್ಲೇ ಪಾಚಿ ಯಶಸ್ವಿಯಾಗಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಆಗಿದೆ. ಚೆನ್ನೈನ ವಿವೇಕಾನಂದ ಕಾಲೇಜಿನ ಪಾಚಿ ವಿಜ್ಞಾನಿ ವಿ. ಶಿವಸುಬ್ರಮಣಿಯನ್ ಮತ್ತು ಅವರ ಸಂಗಡಿಗರು ಎರಡು ದಶಕದ ಹಿಂದೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದ ಪಾಚಿ ಘಟಕ ನಿಲ್ಲಿಸಿದರು. ಪ್ರಾಮಾಣಿಕ ಕೆಲಸ, ಜಗತ್ತಿನ ಗಮನ ಸೆಳೆದ ಕೆಲಸ. ಆದರೆ ಅದು ಚರ್ಮದ ಕಾರ್ಖಾನೆಯಲ್ಲ, ಸಮುದ್ರದ ಪಾಚಿಯಿಂದ ಆಲ್ಜಿನೇಟ್ ತೆಗೆಯುವ ಕಾರ್ಖಾನೆ. ಅಲ್ಲಿನ ತೊಂದರೆ ಕ್ರೋಮಿಯಂ ಅಲ್ಲ, ಆಮ್ಲದ ನೀರು. ಅದನ್ನು ಕಾಸ್ಟಿಕ್ ಸೋಡಾ ಹಾಕಿ ಸರಿಪಡಿಸುವಾಗ ರಾಶಿ ರಾಶಿ ಕೆಸರು ಬೀಳುತ್ತಿತ್ತು, ಪಾಚಿ ಅದನ್ನು ತಪ್ಪಿಸಿತು. 'ರಾಣಿಪೇಟೆ' ಮತ್ತು 'ಪಾಚಿ' ಎರಡು ಪದ ಒಟ್ಟಿಗೆ ಕಂಡ ಕೂಡಲೇ ಅಲ್ಲಿನ ಕ್ರೋಮ್ ಕರಗಿಹೋಯಿತು ಎಂದು ಭಾಷಣ ಮಾಡುವವರು ಆ ವಿಜ್ಞಾನಿಗಳಿಗೂ ಅನ್ಯಾಯ ಮಾಡುತ್ತಿದ್ದಾರೆ.

ರಾಣಿಪೇಟೆಯ ಕ್ರೋಮ್ ಎಲ್ಲಿದೆ ಎಂದು ನೋಡಬೇಕಾದವರು ಅಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕು. ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಎಂಬ ಕಾರ್ಖಾನೆ ಟ್ಯಾನರಿಗಳಿಗೆ ಬೇಕಾದ ಕ್ರೋಮ್ ಲವಣಗಳನ್ನು ತಯಾರಿಸುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಬಾಗಿಲು ಹಾಕಿತು. ಬಿಟ್ಟುಹೋದದ್ದು ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಕ್ರೋಮ್ ಕಸದ ದಿಬ್ಬ. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತ್ಯಂತ ಕಲುಷಿತ ಹತ್ತು ಸ್ಥಳಗಳ ಪಟ್ಟಿ ಮಾಡಿದಾಗ ಚೆರ್ನೋಬಿಲ್ ಜೊತೆಗೆ ರಾಣಿಪೇಟೆಯ ಹೆಸರೂ ಇತ್ತು. ಈ ದಿಬ್ಬದಲ್ಲಿರುವುದು ಟ್ಯಾನರಿ ನೀರಿನ ಕ್ರೋಮಿಯಂಗಿಂತ ಕ್ರೂರವಾದ ಬಗೆ. ಆರು ವೇಲೆನ್ಸಿಯದು, ಕ್ಯಾನ್ಸರ್ ತರುವಂಥದ್ದು, ಮಳೆ ಬಂದರೆ ಹಳದಿಯಾಗಿ ಇಳಿಯುವಂಥದ್ದು. ಪಾಚಿಯ ಕೊಂಡಿಗಳು ಇದನ್ನು ಸುಲಭವಾಗಿ ಹಿಡಿಯುವುದೂ ಇಲ್ಲ, ಎರಡರ ವಿದ್ಯುದಾವೇಶವೂ ಒಂದೇ ಆದ್ದರಿಂದ ದೂರ ತಳ್ಳುತ್ತವೆ. ನೀರನ್ನು ಬಹಳ ಹುಳಿ ಮಾಡಿದರೆ ಮಾತ್ರ ಹಿಡಿತಕ್ಕೆ ಬರುತ್ತದೆ. ಊರಿನ ಅಂತರ್ಜಲಕ್ಕೆಲ್ಲ ಆಮ್ಲ ಸುರಿಯಲು ಸಾಧ್ಯವೇ?

ಉಪ್ಪಿನ ಮಾತನ್ನು ಯಾರೂ ಎತ್ತುವುದಿಲ್ಲ. ಹಸಿ ತೊಗಲು ಕೊಳೆಯದಿರಲು ಅದರ ತೂಕದ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಉಪ್ಪು ಸವರುತ್ತಾರೆ. ನೆನೆಹಾಕಿದಾಗ ಅಷ್ಟೂ ನೀರಿಗೆ. ಪಾಲಾರಿನ ತೆಂಗಿನ ತೋಟಗಳನ್ನು ಒಣಗಿಸಿದ್ದರಲ್ಲಿ ಕ್ರೋಮಿಗಿಂತ ಈ ಉಪ್ಪಿನ ಪಾಲು ಕಡಿಮೆಯೇನಲ್ಲ. ಪಾಚಿಗೆ ಉಪ್ಪಿನ ಗೊಡವೆ ಇಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಹಳೆಯದೇ ಇದೆ. ಚೆನ್ನೈನಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಕ್ರೋಮ್ ಹದದ ನೀರನ್ನು ಬೇರೆ ನೀರಿನೊಂದಿಗೆ ಬೆರೆಸದೆ ಪ್ರತ್ಯೇಕ ಹಿಡಿದು, ಮೆಗ್ನೀಸಿಯಂ ಆಕ್ಸೈಡ್ ಹಾಕಿ ಕ್ರೋಮಿಯಂ ತಳಕ್ಕಿಳಿಸಿ, ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಮತ್ತೆ ಹದಕ್ಕೆ ಬಳಸುವ ವಿಧಾನ ಅಲ್ಲಿನವರಿಗೆ ದಶಕಗಳಿಂದ ಗೊತ್ತು. ತೊಗಲೇ ಹೆಚ್ಚು ಕ್ರೋಮ್ ಹೀರುವಂತೆ ಮಾಡುವ ವಿಧಾನಗಳೂ ಇವೆ. ನಷ್ಟದ ಬಾಬತ್ತೇನಲ್ಲ, ಚೆಲ್ಲುವ ಕ್ರೋಮಿಗೂ ದುಡ್ಡು ಕೊಟ್ಟೇ ತಂದಿರುತ್ತಾರೆ. ಹಾಕಿಕೊಂಡವರು ಹಾಕಿಕೊಂಡಿದ್ದಾರೆ. ಆದರೆ ಯಂತ್ರ ಹಾಕಿಸುವುದು ಬೇರೆ, ರಾತ್ರಿಯೂ ಅದನ್ನು ನಡೆಸುವುದು ಬೇರೆ. ತಪಾಸಣೆಯವರು ಬರುವ ದಿನ ಮಾತ್ರ ತಿರುಗುವ ಯಂತ್ರಗಳ ಕಥೆಯನ್ನು ಅಲ್ಲಿನ ಕಾರ್ಮಿಕರಿಂದಲೇ ನಾವು ಕೇಳಿದ್ದೇವೆ. ಕ್ರೋಮ್ ಹೀಗೆ ಮೊದಲೇ ಹಿಡಿದ ಮೇಲೆ ಉಳಿಯುವ ತೆಳು ನೀರಿಗೆ ಪಾಚಿ ಬರಲಿ. ಕೊನೆಯ ಸೋಸುವಿಕೆಗೆ ಅದು ಯೋಗ್ಯ. ಬೆಂಗಳೂರಿನ ಪೀಣ್ಯದಲ್ಲಿ ಲೋಹಲೇಪನ ಮಾಡುವ ಸಣ್ಣ ಘಟಕಗಳ ಜಾಲಿಸಿದ ನೀರಿಗೂ, ಒಂದೊಂದು ಕೊಳವೆಯಷ್ಟು ಪಾಚಿ ಪುಡಿ ಇಟ್ಟು, ತುಂಬಿದ ಕೊಳವೆಯನ್ನು ಲೆಕ್ಕವಿಟ್ಟು ವಾಪಸು ಪಡೆಯುವ ಏರ್ಪಾಡು ಮಾಡಿದರೆ ಉಪಯೋಗವಿದೆ. ಅಲ್ಲಿನ ಕೊಳವೆಬಾವಿಗಳಲ್ಲಿ ಆರು ವೇಲೆನ್ಸಿ ಕ್ರೋಮಿಯಂ ಸಿಕ್ಕಿರುವುದು ಹೊಸ ಸುದ್ದಿಯಲ್ಲ. ಮುಂದಿನ ಕೆಲಸವನ್ನು ಮೊದಲಿಗೆ ತಂದು, ಮೊದಲ ಕೆಲಸವನ್ನು ಮರೆಸುವುದೇ ನಮ್ಮ ತಕರಾರಿನ ವಿಷಯ.

ಇಲ್ಲಿಗೆ ಬರುವಷ್ಟರಲ್ಲಿ ನಮ್ಮ ಓದುಗರಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಮುಸ್ಲಿಮರ ಕಸುಬುಗಳ ಮೇಲೆ ನಾಲ್ಕೂ ಕಡೆಯಿಂದ ಏಟು ಬೀಳುತ್ತಿರುವಾಗ ನೀವೂ ಒಂದು ಕಲ್ಲು ಎಸೆಯಬೇಕೇ ಎಂದು. ಈ ಸಿಟ್ಟಿಗೆ ಕಾರಣವಿದೆ. 2019ರ ಕುಂಭಮೇಳಕ್ಕಾಗಿ ಕಾನ್ಪುರದ ಜಾಜ್‌ಮವ್‌ನ ಟ್ಯಾನರಿಗಳನ್ನು ತಿಂಗಳುಗಟ್ಟಲೆ ಮುಚ್ಚಿಸಿದರು. ಗಂಗೆಗೆ ಸೇರುವ ಊರೂರಿನ ಚರಂಡಿ ಮಾತ್ರ ನಿಲ್ಲಲಿಲ್ಲ. ದನದ ವ್ಯಾಪಾರದ ಮೇಲೆ ಬಿದ್ದ ಪೆಟ್ಟು, ದಾರಿಯಲ್ಲಿ ಲಾರಿ ತಡೆದು ಹೊಡೆಯುವ ಗುಂಪುಗಳು, ಇವೆಲ್ಲ ನಮ್ಮ ಕಣ್ಣ ಮುಂದೆಯೇ ನಡೆದಿವೆ. ಟ್ಯಾನರಿಯ ಹೊಗೆಯಲ್ಲಿ ಮಾತ್ರ ಮಾಲಿನ್ಯ ಕಂಡು, ತಮ್ಮ ಊರಿನ ಬಣ್ಣದ ಕಾರ್ಖಾನೆ, ಔಷಧ ಕಾರ್ಖಾನೆಗಳ ಕಡೆಗೆ ಕಣ್ಣು ಮುಚ್ಚುವವರ ಪರಿಸರ ಪ್ರೇಮದ ಮರ್ಮ ನಮಗೆ ಗೊತ್ತಿಲ್ಲದ್ದಲ್ಲ.

ಆದರೂ ಕೇಳುತ್ತೇವೆ, ಪಾಲಾರಿನ ದಡದಲ್ಲಿ ಆ ನೀರು ಕುಡಿದವರು ಯಾರು? ನಮ್ಮ ಖಾಲಾ. ಆಕೆಯ ಬಾವಿಗೆ ಮುಚ್ಚಳ ಬೀಳಲು ಯಾವ ಸಂಘಟನೆಯೂ ಬರಲಿಲ್ಲ. ಟ್ಯಾನರಿಯ ಗುಂಡಿಗೆ ಇಳಿದು ಉಸಿರುಗಟ್ಟಿ ಸಾಯುವವರು ಯಾರು? ದಲಿತರು, ಬಡ ಮುಸ್ಲಿಮರು. 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಸಿಪ್ಕಾಟಿನಲ್ಲಿ ಟ್ಯಾನರಿಗಳ ಸಾಮೂಹಿಕ ಶುದ್ಧೀಕರಣ ಘಟಕದ ಕೆಸರಿನ ತೊಟ್ಟಿಯ ಗೋಡೆ ಒಡೆಯಿತು. ಪಕ್ಕದಲ್ಲಿ ಮಲಗಿದ್ದ ಹತ್ತು ಜನ ಕಾರ್ಮಿಕರು ಕೆಸರಿನಲ್ಲಿ ಹೂತುಹೋದರು. ಹೆಚ್ಚಿನವರು ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಗಮನಿಸಿ, ಅದು ಶುದ್ಧ ಮಾಡುವ ಘಟಕ. ನೀರಿನಿಂದ ತೆಗೆದ ವಿಷವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಟ್ಟಿಯಲ್ಲಿ ತುಂಬಿದ್ದರು. ನಾಳೆ ಪಾಚಿಯ ಕೊಳಗಳು ಬಂದರೆ ಅದರಲ್ಲಿ ಇಳಿದು ಕೊಯ್ಯುವವರು ಯಾರು, ಒಣಗಿಸುವವರು ಯಾರು, ಆ ಪುಡಿ ಯಾರ ಶ್ವಾಸಕೋಶಕ್ಕೆ ಹೋಗುತ್ತದೆ? ವಸ್ತುಪ್ರದರ್ಶನದ ಗಾಜಿನ ಜಾಡಿಯ ಪಕ್ಕ ಈ ಪ್ರಶ್ನೆ ಬರೆದದ್ದನ್ನು ನಾವು ಎಲ್ಲೂ ಕಾಣಲಿಲ್ಲ.

ಇನ್ನೊಂದು ವಿಷಯ. 2015ರ ಮೇ ತಿಂಗಳಿಂದ ಯುರೋಪಿನ ಒಕ್ಕೂಟದಲ್ಲಿ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಆರು ವೇಲೆನ್ಸಿ ಕ್ರೋಮಿಯಂ ಕಿಲೋಗೆ 3 ಮಿಲಿಗ್ರಾಂ ಮುಟ್ಟಿದರೆ ಮಾರುವಂತಿಲ್ಲ. ಅವರ ಕಾಲಿನ ಚರ್ಮ ಕೆರೆದುಕೊಳ್ಳಬಾರದಲ್ಲ. ನಮ್ಮ ಮಾಲೀಕರು ಒಂದು ಚೂರೂ ತಕರಾರು ಮಾಡದೆ ಆ ನಿಯಮ ಪಾಲಿಸಿದರು, ಪ್ರತಿ ಕಂತಿಗೂ ಪರೀಕ್ಷೆಯ ಚೀಟಿ ಲಗತ್ತಿಸಿದರು. ಪಾಲಿಸದಿದ್ದರೆ ಮಾಲು ವಾಪಸು. ಅಂದರೆ ಮನಸ್ಸು ಮಾಡಿದರೆ ಮಿಲಿಗ್ರಾಂ ಲೆಕ್ಕದಲ್ಲಿ ಎಚ್ಚರ ವಹಿಸಲು ಬರುತ್ತದೆ. ಹ್ಯಾಂಬರ್ಗಿನ ಕಾಲಿಗೆ ಸಿಕ್ಕ ಮರ್ಯಾದೆ ವಾಣಿಯಂಬಾಡಿಯ ಗಂಟಲಿಗೆ ಸಿಗಲಿಲ್ಲ. ಇದರಲ್ಲಿ ಮುಸ್ಲಿಮರ ವಿರುದ್ಧದ ಪಿತೂರಿ ಎಲ್ಲಿದೆ?

ನಮ್ಮ ಉಲೇಮಾಗಳಿಗೂ ಒಂದು ಅರಿಕೆ. ವುಜೂವಿನ ನೀರಿನ ಬಗ್ಗೆ ಫಿಕ್ಹ್‌ನಲ್ಲಿ ಎಷ್ಟು ಸೂಕ್ಷ್ಮ ಚರ್ಚೆಯಿದೆ ಎಂಬುದು ಮಕ್ತಬ್‌ನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಬಣ್ಣ ಬದಲಾಯಿತೇ, ವಾಸನೆ ಬದಲಾಯಿತೇ, ರುಚಿ ಬದಲಾಯಿತೇ. ಶತಮಾನಗಳ ಹಿಂದೆ ಮನುಷ್ಯನ ಬಳಿ ಇದ್ದ ಪ್ರಯೋಗಶಾಲೆ ಅವೇ ಮೂರು, ಕಣ್ಣು, ಮೂಗು, ನಾಲಿಗೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂಗೆ ನಮ್ಮ ದೇಶದ ಮಾನಕ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅದರ ಮೂರು ಪಟ್ಟು ಇದ್ದರೂ ಹೌಜಿನ ನೀರು ಕನ್ನಡಿಯ ಹಾಗೆ ಹೊಳೆಯುತ್ತದೆ, ವಾಸನೆಯಿಲ್ಲ, ರುಚಿ ಕೆಟ್ಟಿಲ್ಲ. ಅದು ತಾಹಿರ್ ಹೌದೋ ಅಲ್ಲವೋ ಎಂದು ನಾವು ವಾದಕ್ಕೆ ಇಳಿಯುವುದಿಲ್ಲ, ಆ ವಿದ್ಯೆ ನಮ್ಮದಲ್ಲ. ಆದರೆ ನೆರೆಯವನ ಬಾವಿಗೆ ವಿಷ ಹಾಕಿ ಬಂದ ಲಾಭದಲ್ಲಿ ಕಟ್ಟಿದ ಹೌಜಿನ ಬಗ್ಗೆ ಜುಮ್ಮಾದ ಬಯಾನಿನಲ್ಲಿ ಒಂದು ಮಾತು ಬರಬಾರದೇ? ಪ್ಯಾಂಟಿನ ಉದ್ದದ ಬಗ್ಗೆ ಅರ್ಧ ಗಂಟೆ ಮಾತಾಡುವಾಗ ನೀರಿನ ಬಗ್ಗೆ ಐದು ನಿಮಿಷ ಸಿಗದೇ?

ಕೋಲಾರದವರು ಇದು ದೂರದ ಕಥೆ ಎಂದುಕೊಳ್ಳಬೇಡಿ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲು ಶುರು ಮಾಡಿದ್ದು 2018ರಲ್ಲಿ. ಮೊದಲ ದಿನಗಳಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಜನ ಬೆಚ್ಚಿದರು, ವಿವಾದ ನ್ಯಾಯಾಲಯದ ತನಕ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕು ಎಂದು ಅಲ್ಲಿನ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಅಂತರ್ಜಲ ಏರಿತು, ಬೋರ್‌ವೆಲ್ ತುಂಬಿತು ಎಂದು ಸಂತೋಷಪಡುವವರ ಸಂತೋಷವೂ ಸುಳ್ಳಲ್ಲ, ಒಣಗಿ ಬಿರಿದ ಸೀಮೆ ಅದು. ಆದರೆ ಕೆರೆಯಲ್ಲಿ ಪಾಚಿ ಬೆಳೆದರೆ ಸಾಕು, ಅದೇ ಲೋಹ ಹೀರಿಕೊಳ್ಳುತ್ತದೆ ಎನ್ನುವ ಸಮಾಧಾನ ಅಲ್ಲೂ ಕೇಳಿಬಂದರೆ ನಂಬಬೇಡಿ. ಹೀರಿದ ಪಾಚಿಯನ್ನು ತೆಗೆಯದಿದ್ದರೆ ಅದು ಸತ್ತು ಕೆರೆಯ ತಳಕ್ಕೆ ಹೋಗುತ್ತದೆ, ಹೊತ್ತ ಮೂಟೆಯನ್ನು ಅಲ್ಲೇ ಇಳಿಸುತ್ತದೆ. ಪಾಲಾರ್ ನಿಮ್ಮದೇ ನದಿ. ಕೆಳಗಿನವರಿಗೆ ಆದದ್ದು ಮೇಲಿನವರಿಗೆ ಆಗದು ಎಂದು ಯಾವ ಬೆಟ್ಟವೂ ಭರವಸೆ ಕೊಟ್ಟಿಲ್ಲ.

ನಿಕಾಹ್‌ನ ಮರುದಿನ ನಾವು ಖಾಲಾನ ಮಗನಿಗೆ ಒಂದೇ ಒಂದು ಮಾತು ಕೇಳಿದೆವು. ನಿಮ್ಮ ಮಸೀದಿಯ ಬಾಗಿಲಲ್ಲಿ ನಮಾಜಿನ ವೇಳಾಪಟ್ಟಿ ತೂಗುಹಾಕಿದ್ದೀರಿ, ಚಂದಾ ಕೊಟ್ಟವರ ಪಟ್ಟಿ ಹಾಕಿದ್ದೀರಿ. ಅದರ ಪಕ್ಕದಲ್ಲಿ ಮಸೀದಿಯ ಬೋರ್‌ವೆಲ್ ನೀರಿನ ಪರೀಕ್ಷೆಯ ಚೀಟಿಯನ್ನೂ ತಿಂಗಳಿಗೊಮ್ಮೆ ಹಾಕಿ. ಕ್ರೋಮಿಯಂ ಇಷ್ಟು, ಉಪ್ಪು ಇಷ್ಟು. ಪರೀಕ್ಷೆಯ ಖರ್ಚು ಒಂದು ಪಂಕ್ತಿಯ ಬಿರಿಯಾನಿಗಿಂತ ಹೆಚ್ಚಾಗದು. ಪಾಚಿ ಬಂದರೆ ಅಂಕಿ ಇಳಿಯುತ್ತದೋ ಇಲ್ಲವೋ ಎಂದು ಊರಿಗೆ ಊರೇ ನೋಡಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಮಿಟಿಯಲ್ಲಿ ನಮ್ಮ ಸೇಠ್ ಅವರೇ ಇರುವುದು ಭಾಯ್ಜಾನ್, ಕೇಳಿ ನೋಡುತ್ತೇನೆ" ಎಂದ. ಮೊನ್ನೆ ಬಕ್ರೀದಿಗೆ ಮುಬಾರಕ್ ಹೇಳಲು ಫೋನು ಮಾಡಿದಾಗ ಮತ್ತೆ ಕೇಳಿದೆವು. ಇನ್ನೂ ಕೇಳಿಲ್ಲವಂತೆ.